ನೋಡಿದ ಹುಡುಗಿ

ಇಟಾಲಿಯನ್ ಭಾಷೆಯಲ್ಲಿ ಯಂತ್ರ ಹೆಣ್ಣು. ಇದು ಅವಳಿಗೆ ಹೊಸ ಸಂಗತಿಯೇನಲ್ಲ. ಆ ಭಾಷೆ ಕಲಿಯಲು ಕೂತ ಮೊದಲ ವಾರವೇ ಮೇಜು ಗಂಡು, ಕುರ್ಚಿ ಹೆಣ್ಣು, ಬೆಲೆ ಗಂಡು, ರಶೀದಿ ಹೆಣ್ಣು ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದಳು. ಆಮೇಲೆ ಇಷ್ಟು ವರ್ಷ ಖರೀದಿ ವಿಭಾಗದ ಮೂಲೆಯ ಮೇಜಿನಲ್ಲಿ ಕೂತು ಇಟಲಿಯವರ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸುತ್ತ, ಆ ಗಂಡುಹೆಣ್ಣುಗಳನ್ನು ಗಮನಿಸದೆ ದಾಟಿಹೋಗುವುದೂ ರೂಢಿಯಾಗಿತ್ತು. ಇಂಗ್ಲಿಷಿಗೆ ಬಂದ ಕೂಡಲೇ ಎಲ್ಲವೂ ಬರೀ ವಸ್ತುಗಳಾಗಿ ತಣ್ಣಗಾಗುತ್ತಿದ್ದವು. ಆದರೆ ಆ ಬೆಳಿಗ್ಗೆ, ಹಳೆಯ ಯಂತ್ರವೊಂದನ್ನು ಕೊಳ್ಳುವ ಕರಾರಿನ ಕೊನೆಯ ಪುಟದಲ್ಲಿ, ಅವಳ ಪೆನ್ಸಿಲು ಒಂದು ಸಾಲಿನ ಕೆಳಗೆ ನಿಂತಿತು. ವಿಸ್ತಾ ಎ ಪ್ಯಾಚೂತಾ. ನೋಡಿ ಮೆಚ್ಚಿದ್ದು. ಯಂತ್ರವನ್ನು ಈಗ ಇರುವ ಸ್ಥಿತಿಯಲ್ಲೇ ನೋಡಿ, ಮೆಚ್ಚಿ ಕೊಳ್ಳಲಾಗಿದೆ. ಮುಂದೆ ಕೊಂಡವರು ಯಾವ ತಕರಾರನ್ನೂ ಎತ್ತುವಂತಿಲ್ಲ, ವಾಪಸು ಕಳಿಸುವಂತಿಲ್ಲ. ಅರ್ಥವೇನೋ ಸಲೀಸು. ಆದರೆ ಆ ಎರಡು ಪದಗಳ ಕೊನೆಯ ದೀರ್ಘಗಳು ಹೆಣ್ಣಿನವು, ಅವು ಪುಟದ ಮೇಲಿಂದ ಎದ್ದು ಬಂದು ಎದುರಿನ ಖಾಲಿ ಕುರ್ಚಿಯಲ್ಲಿ ಕೂತ ಹಾಗಾಯಿತು. ನೋಡಲಾದವಳು, ಮೆಚ್ಚಲಾದವಳು. ಶೂ ಹಾಕಿಕೊಂಡೇ ಕೂತಿದ್ದಾಳೆ, ಮಡಿಲಲ್ಲಿ ಚೀಲವಿದೆ.

ಗೋಡೆಯ ಆಚೆ ಪೀಪಾಯಿಗಳು ತಿರುಗುತ್ತಿದ್ದವು. ಅದು ಕನ್ನಡಕದ ಫ್ರೇಮು ಮಾಡುವ ಕಾರ್ಖಾನೆ. ಬಣ್ಣದ ಹಾಳೆಯಿಂದ ಕತ್ತರಿಸಿದ ಫ್ರೇಮುಗಳನ್ನು ಮರದ ಚೂರುಗಳ ಜೊತೆ ದೊಡ್ಡ ಪೀಪಾಯಿಗಳಿಗೆ ತುಂಬಿ ಮುಚ್ಚಳ ಬಿಗಿದು ದಿನಗಟ್ಟಲೆ ತಿರುಗಿಸುತ್ತಾರೆ. ಒಳಗಿನ ಕತ್ತಲಲ್ಲಿ ಉಜ್ಜಿ ಉಜ್ಜಿ ಒರಟು ಅಂಚೆಲ್ಲ ಸವೆದು, ತೆಗೆದಾಗ ಕೈಗೆ ಒದ್ದೆಯಾಗಿವೆಯೇನೋ ಅನ್ನಿಸುವಷ್ಟು ನುಣುಪು. ಈಗ ಕೊಳ್ಳುತ್ತಿರುವುದೂ ಅಂಥದೇ ಒಂದು ಯಂತ್ರ, ಎಲ್ಲೋ ಮುಚ್ಚಿಹೋದ ಕಾರ್ಖಾನೆಯದು. ಪೀಪಾಯಿಗಳ ಸದ್ದು, ದೂರದಲ್ಲೆಲ್ಲೋ ಯಾರೋ ಜಲ್ಲಿ ಸುರಿಯುತ್ತಲೇ ಇರುವಂಥದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದು ಅವಳ ತಲೆ ತಿನ್ನುತ್ತಿತ್ತು; ಈಗ ಅದೇ ಅವಳ ಪಾಲಿನ ಮೌನ. ಆ ಸದ್ದು ನಿಂತ ದಿನ ಅವಳಿಗೆ ಒಂದು ಪದವೂ ಹೊಳೆಯುವುದಿಲ್ಲ. ಇವತ್ತು ನಿಂತಿರಲಿಲ್ಲ, ಆದರೂ ಹೊಳೆಯುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಇದೇ ಸದ್ದಿನ ನಡುವೆ ಫೋನು ಬಂದಿತ್ತು. ಅನಾಥ ಮಕ್ಕಳ ಮನೆಯ ಮೇಲ್ವಿಚಾರಕಿ. ಅವಳ ದನಿ ಯಾವಾಗಲೂ ಮೆಟ್ಟಿಲು ಹತ್ತುತ್ತ ಮಾತಾಡುವವಳ ದನಿ.

"ನಮ್ಮ ಜಡ್ಜಮ್ಮನ್ನ ನಾಳೆ ದೊಡ್ಡ ಹುಡುಗಿಯರ ಮನೆಗೆ ಕಳಿಸ್ತಿದೀವಿ. ಅದು ಬೇರೆ ಊರು. ಸಂಜೆ ಬಸ್ಸು. ಕಳಿಸೋ ಮುಂಚೆ ನಿಮ್ಮನ್ನ ಒಂದ್ ಮಾತು ಕೇಳೋಣ ಅನ್ನಿಸ್ತು. ಕೇಳಬೇಕು ಅಂತ ನಿಯಮ ಏನಿಲ್ಲ, ನಾನೇ ಕೇಳ್ತಿರೋದು."

ಅವಳ ಕೈ ತನ್ನ ಪಾಡಿಗೆ ಪೆನ್ಸಿಲಿನ ಮೊನೆ ಮುರಿಯಿತು.

"ಬೇಡ ಅಂದ್ರೆ ಬೇಡ, ಬೇಜಾರಿಲ್ಲ. ಬೇಕು ಅಂದ್ರೆ ಬಸ್ಸು ಹೊರಡೋ ಮುಂಚೆ ಇಬ್ರೂ ಬನ್ನಿ. ಒಂದೇ ಮಾತು, ಈ ಸಲ ವಾಪಸ್ ಕರ್ಕೊಂಡ್ ಬರೋ ಹಾಗಿಲ್ಲ. ಅದೇನು ಸೀರೆ ಅಲ್ಲ, ಬಣ್ಣ ಒಪ್ಪಲಿಲ್ಲ ಅಂತ ಬದಲಾಯಿಸೋಕೆ."

ಜಡ್ಜಮ್ಮ ಎನ್ನುವುದು ಅಲ್ಲಿಯವರು ಆ ಹುಡುಗಿಗೆ ಇಟ್ಟ ಹೆಸರು. ಯಾರು ಬಂದರೂ ಕಣ್ಣು ಕಿರಿದು ಮಾಡಿ, ತಲೆ ಒಂದಿಷ್ಟು ವಾಲಿಸಿ, ತೀರ್ಪು ಕೊಡುವವಳ ಹಾಗೆ ನೋಡುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಅವಳೂ ಗಂಡನೂ ಆ ಹುಡುಗಿಯನ್ನು ಮನೆಗೆ ಕರೆದುಕೊಂಡು ಬಂದಿದ್ದರು. ಒಂದು ತಿಂಗಳು ಇಟ್ಟುಕೊಂಡು ನೋಡಿ ಆಮೇಲೆ ಕಾಯಂ ಮಾಡಿಕೊಳ್ಳಬಹುದು ಎಂದು ಮಾತಾಗಿತ್ತು. ತಿಂಗಳು ತುಂಬುವ ಮೊದಲೇ ವಾಪಸು ಬಿಟ್ಟು ಬಂದರು. ಬಿಟ್ಟು ಬಂದರು ಎನ್ನುವ ಬಹುವಚನದಲ್ಲಿ ಅವಳು ಎಷ್ಟೋ ದಿನ ಗಂಡನ ಹಿಂದೆ ಅಡಗಿಕೊಂಡಿದ್ದಳು. ಬಿಟ್ಟು ಬಂದವಳು ಅವಳೇ.

"ಮೇಡಂ, ಆಯ್ತಾ?" ಖರೀದಿ ಮುಖ್ಯಸ್ಥರು ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದರು. ಅವರ ಹಿಂದೆ ಇಂಜಿನಿಯರು, ಕೈಯಲ್ಲಿ ಯಂತ್ರದ ಫೋಟೋಗಳು.

"ಒಂದು ಸಾಲು ಉಳಿದಿದೆ ಸರ್."

"ಒಂದು ಸಾಲಿಗೆ ಬೆಳಿಗ್ಗೆಯಿಂದ ಕೂತಿದೀರಾ? ಇಷ್ಟು ಹೊತ್ತಿಗೆ ನಾನೇ ಹೋಗಿ ಯಂತ್ರಾನ ಹೆಗಲ ಮೇಲೆ ಹೊತ್ಕೊಂಡು ಬರ್ತಿದ್ದೆ."

"ನೋಡಿ ಮೆಚ್ಚಿ ಕೊಂಡಿದೀವಿ ಅಂತ ಬರ್ಕೊಟ್ಟ ಹಾಗಾಗತ್ತೆ ಸರ್. ನಾವು ಯಾರೂ ನೋಡಿಲ್ಲವಲ್ಲ."

"ಫೋಟೋ ನೋಡಿದೀವಲ್ಲ ಮೇಡಂ," ಎಂದ ಇಂಜಿನಿಯರು. "ನಾಲ್ಕೂ ಕಡೆಯಿಂದ ತೆಗೆದು ಕಳಿಸಿದಾರೆ."

"ನನ್ನ ಹೆಂಡ್ತಿ ನನ್ನ ಫೋಟೋ ನೋಡಿಯೇ ಹೂಂ ಅಂದಿದ್ದು," ಎಂದರು ಮುಖ್ಯಸ್ಥರು. "ಇವತ್ತಿಗೂ ಅನುಭವಿಸ್ತಿದಾಳೆ."

"ನಿಮ್ಮ ಕರಾರಲ್ಲಿ ಗುಪ್ತ ದೋಷದ ಕಲಮು ಇರ್ಲಿಲ್ಲವೇನೋ ಸರ್," ಎಂದ ಇಂಜಿನಿಯರು.

"ಇತ್ತಪ್ಪ. ಓದೋಕೆ ಅವರಪ್ಪ ಬಿಡಲಿಲ್ಲ." ಇಬ್ಬರೂ ನಕ್ಕರು. ಮುಖ್ಯಸ್ಥರು ನಗುತ್ತಲೇ ಗಡಿಯಾರ ನೋಡಿಕೊಂಡರು. "ಊಟ ಆದ ಮೇಲೆ ಕಳಿಸಲೇಬೇಕು ಮೇಡಂ. ನೀವು ಪರಾರಿ ಆಗಬೇಡಿ ಮತ್ತೆ."

ಇದು ಹಳೆಯ ತಮಾಷೆ. ಸೇರಿದ ಮೊದಲ ತಿಂಗಳು ಒಂದು ಪತ್ರದಲ್ಲಿ ಅವಳು 'ಒರ್ದಿನೆ ಎವಾಸೊ' ಎನ್ನುವುದನ್ನು 'ತಪ್ಪಿಸಿಕೊಂಡು ಓಡಿಹೋದ ಆರ್ಡರು' ಎಂದು ಇಂಗ್ಲಿಷಿಗೆ ತಂದಿದ್ದಳು. ನಿಘಂಟಿನಲ್ಲಿ ಹಾಗೇ ಇತ್ತು; ಜೈಲಿನಿಂದ ಓಡಿದ ಕೈದಿಗೆ ಅವರು ಆ ಪದವನ್ನೇ ಬಳಸುತ್ತಾರೆ. ಆದರೆ ವ್ಯಾಪಾರದಲ್ಲಿ ಅದಕ್ಕೆ ವಿಲೇವಾರಿ ಆದ ಆರ್ಡರು, ಸರಕು ಕಳಿಸಿ ಕೈತೊಳೆದುಕೊಂಡದ್ದು ಎಂದರ್ಥ. ಆ ಪತ್ರ ಇಡೀ ಆಫೀಸಿನಲ್ಲಿ ಮೇಜಿನಿಂದ ಮೇಜಿಗೆ ಹೋಯಿತು. ಊಟದ ಕೋಣೆಯಲ್ಲಿ ಅವಳು ಹೋದ ಕಡೆ ಯಾರೋ ಒಬ್ಬರು ಹಿಡೀರಿ ಹಿಡೀರಿ ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು, ಹಲ್ಲಿನಲ್ಲಿ. ಆಮೇಲೆ ಅವಳಿಗೆ ಅಂಟಿದ ಪರಾರಿ ಎನ್ನುವ ಹೆಸರು ಸವೆದು ನುಣುಪಾಗಿ ಬರೀ ಪ್ರೀತಿಯ ಹೆಸರಾಯಿತು. ಚುಚ್ಚುವ ಅಂಚು ಯಾವತ್ತು ಹೋಯಿತೋ ಗೊತ್ತೇ ಆಗಲಿಲ್ಲ. ಇವತ್ತು ಮಾತ್ರ ಅದು ಹೊಸದಾಗಿ ಕತ್ತರಿಸಿದ ಹಾಳೆಯ ಹಾಗೆ ಬೆರಳಿಗೆ ತಾಕಿತು. ವಿಲೇವಾರಿ, ಪರಾರಿ. ಇಟಲಿಯವರಿಗೆ ಎರಡೂ ಒಂದೇ ಕ್ರಿಯಾಪದ. ಹುಡುಗಿಯನ್ನು ಬಿಟ್ಟ ಆ ಸಂಜೆ ಮಕ್ಕಳ ಮನೆಯ ಗೇಟಿನಿಂದ ಬಸ್‌ಸ್ಟಾಪಿನ ತನಕ ಅವಳು ನಡೆದದ್ದು ಯಾವ ನಡಿಗೆ? ಗಂಡ ಹಿಂದೆ ಉಳಿದಿದ್ದ. ಅವನು ಓಡಿ ಬಂದು ಜೊತೆಗೂಡಬೇಕಾಯಿತು.

ಮುಖ್ಯಸ್ಥರು ಹೋದ ಮೇಲೆ ಅವಳು ಇಂಜಿನಿಯರು ಬಿಟ್ಟುಹೋದ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಯಾವುದೋ ಖಾಲಿ ಶೆಡ್ಡಿನಲ್ಲಿ ಹಸಿರು ಬಣ್ಣದ ಯಂತ್ರ. ಪಕ್ಕದ ಗೋಡೆಯ ಮೇಲೆ ಬೇರೆ ಯಂತ್ರಗಳು ಇದ್ದ ಜಾಗದಲ್ಲಿ ಬಿಳಿಚಿಕೊಂಡ ಚೌಕಗಳು. ಎಲ್ಲರನ್ನೂ ಯಾರೋ ಬಂದು ಕರೆದುಕೊಂಡು ಹೋಗಿ ಇದೊಂದು ಉಳಿದ ಹಾಗಿತ್ತು. ಮೊದಲ ಸಲ ಅವಳೂ ಗಂಡನೂ ಹುಡುಗಿಯನ್ನು ನೋಡಲು ಹೋದಾಗಲೂ ಉಳಿದ ಮಕ್ಕಳೆಲ್ಲ ಆಟಕ್ಕೆ ಹೋಗಿದ್ದರು. ಮೇಲ್ವಿಚಾರಕಿಯ ಕೋಣೆಯ ಬೆಂಚಿನ ಮೇಲೆ ಹುಡುಗಿ ಒಬ್ಬಳೇ. ಬಾಚಿದ ತಲೆ ಇನ್ನೂ ಒದ್ದೆ. ಕಣ್ಣು ಕಿರಿದು ಮಾಡಿಕೊಂಡು ಅವರಿಬ್ಬರ ಮುಖದ ಸುತ್ತಮುತ್ತ ನೋಡಿದಳು, ಮುಖವನ್ನಲ್ಲ. ಗಂಡ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ತಾನು ಲಿಫ್ಟುಗಳನ್ನು ತಪಾಸಣೆ ಮಾಡುವವನು, ಕಟ್ಟಡದ ತುದಿಯ ತನಕ ಪುಕ್ಕಟೆ ಹೋಗಿಬರುವುದೇ ತನ್ನ ಕೆಲಸ ಎಂದ. ಹುಡುಗಿ, "ನಡುವೆ ನಿಂತುಹೋದ್ರೆ?" ಎಂದು ಕೇಳಿದಳು. ಅವನು ಸೋತುಹೋದ. ಹೊರಗೆ ಬಂದ ಮೇಲೆ ಮೊಗಸಾಲೆಯಲ್ಲಿ, "ನಿಂಗೆ ಇಷ್ಟ ಆಯ್ತಾ?" ಎಂದು ಪಿಸುಗುಟ್ಟಿದ. ಅವಳು ಹೂಂ ಎಂದಳು. ಆ ಹೂಂ ಎಲ್ಲಿಂದ ಬಂತು ಎಂದು ಆಮೇಲೆ ಎಷ್ಟು ಸಲ ಹುಡುಕಿದ್ದಾಳೆ. ಮೊಗಸಾಲೆಯ ಕೊನೆಯ ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಯಾರೋ ನೆಲ ಒರೆಸಿ ಹೋಗಿದ್ದರು, ಅವಳ ಚಪ್ಪಲಿಯ ಗುರುತು ಒದ್ದೆ ನೆಲದ ಮೇಲೆ ಮೂಡಿ ಮಾಯವಾಗುತ್ತಿತ್ತು. ಅಷ್ಟು ಹೊತ್ತಿಗೆ ಯಾರು ಏನು ಕೇಳಿದ್ದರೂ ಅವಳು ಹೂಂ ಎನ್ನುತ್ತಿದ್ದಳು.

ಕರಾರಿನಲ್ಲಿ ಅದರ ಹಿಂದಿನ ಸಾಲು ಗುಪ್ತ ದೋಷಗಳದ್ದು. ವಿತ್ಸಿ ಒಕ್ಕುಲ್ತಿ. ಪದಕ್ಕೆ ಪದ ಇಟ್ಟರೆ ಬಚ್ಚಿಟ್ಟ ಚಟಗಳು. ಯಂತ್ರಕ್ಕೆ ಚಟವಿರುವುದನ್ನು ನೆನೆದು ಅವಳಿಗೆ ನಗು ಬಂತು. ಒಬ್ಬಳೇ ಕೂತು ನಕ್ಕದ್ದು ಯಾರಿಗಾದರೂ ಕಂಡಿತೇನೋ ಎಂದು ತಲೆಯೆತ್ತಿ ನೋಡಿದಳು. ಹುಡುಗಿ ಮನೆಗೆ ಬಂದ ದಿನದಿಂದ ಶೂ ಬಿಚ್ಚಲಿಲ್ಲ. ಬಿಚ್ಚು ಎಂದರೆ ಬಿಚ್ಚುತ್ತಿದ್ದಳು, ತಿರುಗಿ ನೋಡುವುದರಲ್ಲಿ ಮತ್ತೆ ಕಾಲಲ್ಲಿರುತ್ತಿತ್ತು. ದಿನಾ ಸಂಜೆ ದೀಪ ಹಾಕುವ ಹೊತ್ತಿಗೆ ತನ್ನ ಚೀಲ ತಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅಳುವುದಿಲ್ಲ, ಹಟವಿಲ್ಲ, ಊಟಕ್ಕೆ ಕರೆದರೆ ಬಂದು ಉಂಡು ಮತ್ತೆ ಹೋಗಿ ಕೂರುತ್ತಾಳೆ, ಪ್ಲಾಟ್‌ಫಾರ್ಮಿನ ಮೇಲೆ ರೈಲು ತಡವಾದವರ ಹಾಗೆ. ಒಂದು ದಿನ ಹುಡುಗಿಯ ದಿಂಬಿನ ಕವರು ತೊಳೆಯಲು ತೆಗೆದವಳಿಗೆ ಒಳಗೆ ಸಿಕ್ಕಿದ್ದು ಚಮಚ, ಅಳತೆಯ ಟೇಪು, ಹಾಳಾದ ಬಲ್ಬು, ತನ್ನದೇ ಹಳೆಯ ಕನ್ನಡಕ. ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, "ಇದೆಲ್ಲ ಯಾಕೆ?" ಎಂದು ಕೇಳಿದಳು. ಬೈಯಬೇಕೆಂದು ಕೇಳಿದ್ದಲ್ಲ. ಆದರೆ ಸಾಲಾಗಿ ಇಟ್ಟದ್ದೇ ಬೈಗುಳವಾಗಿತ್ತು, ಪೊಲೀಸರು ಸಿಕ್ಕ ಮಾಲನ್ನು ಇಡುವ ಹಾಗೆ. ಹುಡುಗಿ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದಳು. ಆ ನೋಟ. ಅಡುಗೆ ಮಾಡುವಾಗ, ತಲೆ ಬಾಚುವಾಗ, ಕನ್ನಡಿಯ ಮುಂದೆ ನಿಂತಾಗ, ಬೆನ್ನ ಹಿಂದೆ ಆ ನೋಟವಿರುತ್ತಿತ್ತು. ಇವಳು ನನ್ನನ್ನು ತೂಗುತ್ತಿದ್ದಾಳೆ, ಎಂದು ಗಂಡನ ಹತ್ತಿರ ಹೇಳಿದಳು. "ತೂಗಲಿ ಬಿಡು, ಮಕ್ಕಳು," ಎಂದ ಅವನು.

ಅಕ್ಕ ನೋಡಲು ಬಂದಿದ್ದು ಅದಾದ ಮೇಲೆ. ಅಕ್ಕನ ಜೊತೆ ಅವಳ ಅತ್ತಿಗೆಯೂ ಇದ್ದಳು, ಇಬ್ಬರ ಕೈಯಲ್ಲೂ ಉಡುಗೊರೆಯ ಪೊಟ್ಟಣ. ಅಕ್ಕ ಹುಡುಗಿಯ ಗಲ್ಲ ಹಿಡಿದು, "ಇವರು ಯಾರು ನಿಂಗೆ? ಹೇಳು ನೋಡೋಣ," ಎಂದಳು, ಸುಮ್ಮನೆ, ಮಕ್ಕಳನ್ನು ಮಾತಾಡಿಸುವ ರೀತಿಯಲ್ಲಿ. ಅವಳು ಟ್ರೇ ಹಿಡಿದು ನಿಂತಿದ್ದಳು, ಬೇಡ ಬೇಡವೆಂದರೂ ಕಿವಿ ಮುಂದಕ್ಕೆ ಬಾಗಿತು. ಹುಡುಗಿ ಯೋಚಿಸಿದಳು. ತಪ್ಪು ಹೇಳಬಾರದೆಂಬ ಶ್ರದ್ಧೆಯಿಂದ ಯೋಚಿಸಿದ ಮೇಲೆ, "ಭಾಷಾಂತರ ಮಾಡೋರು," ಎಂದಳು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕ, "ಅಯ್ಯೋ, ಕೆಲಸದವರ ಪರಿಚಯ ಹೇಳಿದ ಹಾಗೆ ಹೇಳ್ತಲ್ಲೇ," ಎಂದು ಜೋರಾಗಿ ನಕ್ಕಳು. ಅವಳು ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು, ಖಾಲಿ ಟ್ರೇ ಹಿಡಿದು ಒಳಗೆ ಹೋದಳು. ಆಮೇಲೆ ಅಡುಗೆಮನೆಯಲ್ಲಿ ಅಕ್ಕ ತಗ್ಗಿದ ದನಿಯಲ್ಲಿ, "ನೋಡು, ಕೆಲವು ಒಗ್ಗಲ್ಲ. ನಿನ್ನ ತಪ್ಪಲ್ಲ. ಒಗ್ಗದೇ ಇರೋದನ್ನ ಎಳ್ಕೊಂಡು ಎಷ್ಟು ದಿನ ಹೋಗ್ತೀಯ?" ಎಂದಳು. ಆ ಪದ ಅವಳಿಗೆ ಎಷ್ಟು ಅನುಕೂಲವಾಗಿ ಕಂಡಿತು! ಅದರಲ್ಲಿ ಯಾರ ತಪ್ಪೂ ಇಲ್ಲ, ಯಾರೂ ಏನೂ ಮಾಡಿಲ್ಲ. ಹವೆ ಒಗ್ಗುವುದಿಲ್ಲ, ನೀರು ಒಗ್ಗುವುದಿಲ್ಲ, ಹಾಗೆ. ಮುಂದಿನ ವಾರ ಮೇಲ್ವಿಚಾರಕಿಯ ಎದುರು ಕೂತು ಅವಳು ಅದನ್ನೇ ಹೇಳಿದಳು: "ನಮಗೆ ಒಗ್ಗಲಿಲ್ಲ." ಹುಡುಗಿ ಅಲ್ಲೇ ಬೆಂಚಿನ ಮೇಲೆ ಇದ್ದಳು. ಮೊದಲ ದಿನ ಕೂತಿದ್ದ ಜಾಗದಲ್ಲೇ, ಅದೇ ಚೀಲ ಮಡಿಲಲ್ಲಿ. ಶೂ ಹಾಕಿಕೊಳ್ಳುವ ತೊಂದರೆ ಅವಳಿಗೆ ಇರಲಿಲ್ಲ.

ಊಟದ ಹೊತ್ತಿಗೆ ಗಂಡ ಫೋನ್ ಮಾಡಿದ. ಯಾವುದೋ ಲಿಫ್ಟಿನ ಗುಂಡಿಯೊಳಗಿಂದ ಮಾತಾಡುತ್ತಿದ್ದನೇನೋ, ದನಿಗೆ ಪ್ರತಿಧ್ವನಿ ಇತ್ತು.

"ಊಟ ಆಯ್ತಾ?"

"ಇಲ್ಲ. ನಿಮ್ದು?"

"ಆಯ್ತು. ಬಸ್ಸು ಐದಕ್ಕಂತೆ."

"ಗೊತ್ತು."

"ಅದು ಊಟ ಮಾಡ್ತೋ ಇಲ್ವೋ, ಹೊರಡೋ ದಿನ ಅಂತ."

"ರೀ, ನೀವು ಏನು ಅಂತೀರ? ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಒಂದ್ ಸಲ ಬಾಯಿಬಿಟ್ಟು ಹೇಳಿ."

"ಕಳೆದ ಸಲ ನಾನು ಹೂಂ ಅಂದೆ, ನೀನೂ ಹೂಂ ಅಂದೆ. ನಾನು ಹೂಂ ಅಂದಿದ್ದಕ್ಕೆ ನೀನು ಅಂದಿದ್ದು ಅಂತ ಆಮೇಲೆ ಗೊತ್ತಾಯ್ತು. ಈ ಸಲ ನಾನು ಬಾಯಿ ತೆಗೆಯಲ್ಲ." ಕೋಪವಿಲ್ಲದೆ ಹೇಳಿದ. ಲಿಫ್ಟಿನ ಹಗ್ಗ ಎಷ್ಟು ಸವೆದಿದೆ ಎಂದು ವರದಿ ಮಾಡುವಾಗಲೂ ಅವನ ದನಿ ಹೀಗೇ ಇರುತ್ತದೆ.

ಫೋನು ಇಟ್ಟ ಮೇಲೂ ಆ 'ಅದು' ಕಿವಿಯಲ್ಲಿ ಉಳಿಯಿತು. ಅದು ಊಟ ಮಾಡ್ತೋ ಇಲ್ವೋ. ಅವನು ಪ್ರೀತಿಯಿಂದ ಅಂದದ್ದು. ಮನೆಮಾತಿನಲ್ಲಿ ಮಕ್ಕಳನ್ನು ಎಲ್ಲರೂ ಹಾಗೆ ಅನ್ನುತ್ತಾರೆ. ಅವಳ ಅಪ್ಪ ಅವಳನ್ನೂ ಹಾಗೆಯೇ ಅನ್ನುತ್ತಿದ್ದ: ಅದು ಇನ್ನೂ ಎದ್ದಿಲ್ಲ, ಅದಕ್ಕೆ ಜ್ವರ. ಅಲ್ಲೆಲ್ಲೋ ಮುಚ್ಚಿದ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿರುವ ಯಂತ್ರಕ್ಕೆ 'ಅವಳು' ಎನ್ನುವ ಮರ್ಯಾದೆ, ಇಲ್ಲಿ ಬೆಂಚಿನ ಮೇಲೆ ಕೂತ ಹುಡುಗಿ ಅದು. ಯಾವುದು ಹೆಚ್ಚು ಹತ್ತಿರ, ಯಾವುದು ಹೆಚ್ಚು ದೂರ? ಅವಳು ಪೆನ್ಸಿಲು ತೆಗೆದುಕೊಂಡು ಕರಾರಿನ ಅಂಚಿನಲ್ಲಿ, ಅಳಿಸಲು ಬರುವ ಹಾಗೆ ಮೆಲ್ಲಗೆ, ಮನೆಮಾತಿನಲ್ಲಿ ಬರೆದಳು: ನೋಡಿದ ಹುಡುಗಿ. ಬರೆದ ಮೇಲೆ ಆ ಎರಡು ಪದಗಳು ಅವಳ ಕಣ್ಣ ಮುಂದೆಯೇ ಮೆಲ್ಲಗೆ ಹೊರಳಿದವು, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ. ನಾವು ನೋಡಿದ ಹುಡುಗಿ. ನಮ್ಮನ್ನು ನೋಡಿದ ಹುಡುಗಿ. ವ್ಯಾಕರಣದಲ್ಲಿ ಎರಡಕ್ಕೂ ಅಡ್ಡಿಯಿಲ್ಲ. ಇಟಾಲಿಯನ್ನಿಗೂ ಇಂಗ್ಲಿಷಿಗೂ ಈ ಗೊಂದಲವಿಲ್ಲ. ಅಲ್ಲಿ ನೋಡಿದವರು ಯಾರು, ನೋಡಿಸಿಕೊಂಡವರು ಯಾರು ಎಂದು ಮೊದಲೇ ತೀರ್ಮಾನವಾಗಿರುತ್ತದೆ, ಕೊಳ್ಳುವವರು ಒಂದು ಕಡೆ, ಸರಕು ಒಂದು ಕಡೆ. ಇಷ್ಟು ವರ್ಷ ಎರಡು ಪರಭಾಷೆಗಳ ನಡುವೆ ಓಡಾಡಿದವಳಿಗೆ ನಡುವೆ ಇದ್ದ ಈ ಹೊಸಿಲು ಕಾಲಿಗೆ ತೊಡರಿರಲಿಲ್ಲ. ತೊಡರಿದ್ದು ಇವತ್ತು, ಊಟದ ಡಬ್ಬಿ ಬಿಚ್ಚದೆ ಆರಿಹೋಗುತ್ತಿರುವಾಗ. ಅವಳು ರಬ್ಬರು ತೆಗೆದುಕೊಂಡು ಅಳಿಸಿದಳು. ಗುರುತು ಉಳಿಯಿತು.

ಮೆಚ್ಚಿದ್ದೇ? ಕಳೆದ ಚಳಿಗಾಲದಿಂದ ಅವಳು ತನ್ನನ್ನು ಕೇಳಿಕೊಳ್ಳುತ್ತಿದ್ದದ್ದು ಇದೊಂದನ್ನೇ. ನನಗೆ ಆ ಹುಡುಗಿ ಇಷ್ಟವೇ? ರಾತ್ರಿ ಅಲ್ಲ, ನಡುಹಗಲಿನಲ್ಲಿ, ಬಸ್ಸಿನಲ್ಲಿ ನಿಂತಾಗ, ತರಕಾರಿ ತೂಗಿಸುವಾಗ. ಉತ್ತರ ಸಿಕ್ಕಿದರೆ ಫೋನ್ ಮಾಡಬಹುದು, ಸಿಗುವ ತನಕ ಮಾಡುವ ಹಾಗಿಲ್ಲ ಎಂದುಕೊಂಡಿದ್ದಳು. ಸುಳ್ಳು ಹೂಂ ಇನ್ನೊಂದು ಸಲ ಕೊಡಬಾರದು. ಉತ್ತರ ಸಿಕ್ಕಿರಲಿಲ್ಲ. ಈಗಲೂ ಇಲ್ಲ. ಖಾಲಿ ಕುರ್ಚಿಯ ಕಡೆ ನೋಡಿ ಪ್ರಾಮಾಣಿಕವಾಗಿ ಹುಡುಕಿದರೆ ಸಿಗುತ್ತಿದ್ದದ್ದು ಇಷ್ಟ ಅಲ್ಲ, ಒಂದು ಬಗೆಯ ಗಮನ: ಆ ಶೂಗಳ ಎಡಗಾಲಿನ ದಾರ ಬಲಗಾಲಿನದಕ್ಕಿಂತ ಗಿಡ್ಡ, ಅನ್ನದಲ್ಲಿ ಕೈಯಿಟ್ಟಾಗ ಕಿರುಬೆರಳು ಮಾತ್ರ ದೂರ ನಿಲ್ಲುತ್ತಿತ್ತು, ನಡೆಯುವಾಗ ಒಂದು ಕೈ ಸದಾ ಗೋಡೆಗೆ ತಾಕಿಸಿಕೊಂಡಿರುತ್ತಿತ್ತು. ಇದನ್ನೆಲ್ಲ ಯಾವಾಗ ನೋಡಿದ್ದೆ? ಯಾಕೆ ಇಟ್ಟುಕೊಂಡಿದ್ದೇನೆ, ದಿಂಬಿನ ಕವರಿನೊಳಗೆ ಬಚ್ಚಿಟ್ಟವರ ಹಾಗೆ?

ಮುಖ್ಯಸ್ಥರು ಮತ್ತೆ ಬಂದರು. ಈ ಸಲ ಪೂರ್ತಿ ಒಳಗೆ ಬಂದು ಎದುರಿನ ಕುರ್ಚಿಯಲ್ಲೇ ಕೂತರು. ಅವಳಿಗೆ ಒಂದು ಕ್ಷಣ, ಅಲ್ಲಿ ಯಾರೋ ಇದ್ದಾರೆ, ಕೂರಬೇಡಿ ಎನ್ನಬೇಕೆನ್ನಿಸಿತು.

"ಹೇಳಿ ಮೇಡಂ. ಏನು ತೊಡಕು?"

"ನೋಡಿದೀವಿ, ಮೆಚ್ಚಿದೀವಿ ಅಂತ ಇಂಗ್ಲಿಷಲ್ಲೂ ಬರೆದ್ರೆ ಅದಕ್ಕೆ ನೀವು ಸಹಿ ಮಾಡಬೇಕು. ಅದು ಸುಳ್ಳಾಗತ್ತೆ."

"ಬರೀಬೇಡಿ ಹಾಗಿದ್ರೆ. ಇಂಗ್ಲಿಷಿನವರು ಇಂಥ ಕಡೆ ಏನು ಬರೀತಾರೆ?"

"ಆ್ಯಸ್ ಈಸ್."

"ಅಷ್ಟೇನಾ?"

"ಅಷ್ಟೇ ಸರ್. ಇದ್ದ ಹಾಗೆ."

"ಅದರಲ್ಲಿ ಮೆಚ್ಚೋದು ಗಿಚ್ಚೋದು ಬರಲ್ಲ ತಾನೆ?"

"ಬರಲ್ಲ. ನೋಡೋದೂ ಬರಲ್ಲ."

"ಮತ್ತಿನ್ನೇನು ಮೇಡಂ, ಅದನ್ನೇ ಹಾಕಿ ಬಿಸಾಕಿ." ಅವರು ಮೊಣಕಾಲು ಹಿಡಿದುಕೊಂಡು ಎದ್ದರು. "ಯಂತ್ರ ಬರ್ಲಿ. ಬಂದ ಮೇಲೆ ಎಣ್ಣೆ ಬಿಡೋಣ, ತಿರುಗಿಸೋಣ, ಸದ್ದು ಮಾಡತ್ತೆ, ನಾವೂ ಸದ್ದು ಮಾಡೋಣ. ಮೆಚ್ಚೋದೆಲ್ಲ ಆಮೇಲಿನ ಮಾತು. ಈ ಇಟಲಿಯವರಿಗೆ ಎಲ್ಲಾ ಅವಸರ."

ಅವರು ಹೋದ ಮೇಲೆ ಅವಳು ಅದನ್ನೇ ಹಾಕಿದಳು. ಟೈಪು ಮಾಡಲು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಬೆಳಿಗ್ಗೆಯಿಂದ ಕೆಲಸಕ್ಕೆ ಬಾರದ, ಬಡಕಲು ಪದಗಳೆಂದು ಬದಿಗಿಟ್ಟಿದ್ದವು ಅವು. ಮೂಲದ ನೋಟವನ್ನೂ ಒಲವನ್ನೂ ಎರಡನ್ನೂ ನುಂಗಿ ಒಣಗಿಸಿಟ್ಟ ಅನುವಾದ. ಈಗ ಪರದೆಯ ಮೇಲೆ ನೋಡಿದರೆ ಖಾಲಿ ಕೋಣೆಯ ಹಾಗಿದ್ದವು, ಯಾರು ಬೇಕಾದರೂ ಬಂದು ಕೂರಬಹುದಾದಷ್ಟು ಖಾಲಿ. ಇದ್ದ ಹಾಗೆ. ಇದಕ್ಕೆ ಮುಂಚೆ ಏನನ್ನೂ ಸಾಬೀತು ಮಾಡಬೇಕಿಲ್ಲ. ಯಾರಿಗೂ ಹೂಂ ಅನ್ನಬೇಕಿಲ್ಲ, ತನಗೂ. ಗೋಡೆಯಾಚೆ ಒಂದು ಪೀಪಾಯಿ ನಿಂತಿತು; ಮುಚ್ಚಳ ತೆಗೆಯುತ್ತಿದ್ದರೇನೋ. ಅವಳು ಕರಾರನ್ನು ಕಳಿಸಿ, ತಣ್ಣಗಾದ ಊಟದ ಡಬ್ಬಿಯನ್ನು ಹಾಗೇ ಚೀಲಕ್ಕೆ ತುರುಕಿ, ಅರ್ಧ ದಿನ ರಜೆ ಎಂದು ಹೇಳಿ ಎದ್ದಳು. "ಎಲ್ಲಿಗೆ ಮೇಡಂ, ಪರಾರಿಯಾ?" ಎಂದ ಇಂಜಿನಿಯರು ಮೆಟ್ಟಿಲಲ್ಲಿ. "ವಿಲೇವಾರಿ ಅಲ್ಲ," ಎಂದಳು ಅವಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ಊರು ನೀರಿನೊಳಗಿನಿಂದ ಕಂಡ ಹಾಗೆ ಮೆಲ್ಲಗೆ ಸರಿಯುತ್ತಿತ್ತು: ಬೀಗ ರಿಪೇರಿಯವನ ಗೂಡು, ಒಣಗಲು ಹಾಕಿದ ಹಾಸಿಗೆಗಳು, ಶಾಲೆ ಬಿಟ್ಟ ಮಕ್ಕಳು ಬೇಲಿಯ ಸರಳುಗಳ ಮೇಲೆ ಕೋಲು ಎಳೆದುಕೊಂಡು ಹೋಗುವುದು. ಏನು ಹೇಳಬೇಕೆಂದು ಅವಳು ಒಂದೊಂದೇ ವಾಕ್ಯ ಮಾಡಿಕೊಂಡಳು. ಕ್ಷಮಿಸು ಎಂದು ಮಾಡಿಕೊಂಡಳು, ಬಿಟ್ಟಳು. ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದು ಮಾಡಿಕೊಂಡಳು. ಅದರಲ್ಲಿ ಉಪಕಾರದ ವಾಸನೆ ಇತ್ತು. ಇಳಿಯುವ ನಿಲ್ದಾಣ ಬಂದಾಗ ಅವಳ ಹತ್ತಿರ ಒಂದು ವಾಕ್ಯವೂ ಉಳಿದಿರಲಿಲ್ಲ.

ಮಕ್ಕಳ ಮನೆಯ ಗೇಟಿನ ಹತ್ತಿರ ಗಂಡ ನಿಂತಿದ್ದ. ಕೆಲಸದ ಬಟ್ಟೆಯಲ್ಲೇ, ಮೊಣಕೈಗೆ ಗ್ರೀಸು ಮೆತ್ತಿಕೊಂಡು. ಅವಳನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಕೈ ಒರೆಸಿಕೊಂಡ.

"ನೀವು ಬಾಯಿ ತೆಗೆಯಲ್ಲ ಅಂದ್ರಿ."

"ತೆಗೆದಿಲ್ಲ. ಸುಮ್ನೆ ನಿಂತಿದೀನಿ."

"ನಾನು ಬರದೇ ಇದ್ದಿದ್ರೆ?"

"ಬಸ್ಸು ಹೋಗೋದನ್ನ ನೋಡಿ ಮನೆಗೆ ಬರ್ತಿದ್ದೆ." ಅವಳ ಚೀಲ ತೆಗೆದುಕೊಂಡ. "ಇದೇನು ಇಷ್ಟು ಭಾರ? ಊಟಾನೇ ಮಾಡಿಲ್ವಾ?"

ಮೇಲ್ವಿಚಾರಕಿ ಮಾತಾಡುತ್ತಲೇ ಅವರನ್ನು ಮೊಗಸಾಲೆಯಲ್ಲಿ ಕರೆದುಕೊಂಡು ಹೋದಳು. ನೆಲ ಈಗ ಒಣಗಿತ್ತು. ಕೋಣೆಯ ಬೆಂಚಿನ ಮೇಲೆ ಹುಡುಗಿ, ಮಡಿಲಲ್ಲಿ ಚೀಲ, ಕಾಲಲ್ಲಿ ಶೂ. ಎಡಗಾಲಿನದು ಹೊಸ ದಾರ. ಮುಖದ ಮೇಲೆ ಕನ್ನಡಕ.

ಅವಳು ಬಾಗಿಲಲ್ಲೇ ನಿಂತಳು. ನೀಲಿ ಫ್ರೇಮು, ಅಗ್ಗದ್ದು, ಪೀಪಾಯಿಗೆ ಹಾಕದೆ ಕೈಯಲ್ಲಿ ಉಜ್ಜಿದ್ದು, ಬಲಗಡೆಯ ಕೀಲು ಸಡಿಲ. ಇಷ್ಟನ್ನು ಅವಳ ಕಣ್ಣು ಕೇಳದೆಯೇ ಅಳೆದುಬಿಟ್ಟಿತು. ಗಾಜು ದಪ್ಪವಿತ್ತು.

"ಅದಾ? ಸ್ಕೂಲಲ್ಲಿ ಕಣ್ಣು ಪರೀಕ್ಷೆ ಮಾಡಿದಾಗ ಗೊತ್ತಾಯ್ತು," ಎಂದಳು ಮೇಲ್ವಿಚಾರಕಿ. "ಒಂದು ಮಾರು ದೂರದ್ದೂ ಸರಿಯಾಗಿ ಕಾಣ್ತಿರ್ಲಿಲ್ಲವಂತೆ ಪಾಪ. ನಾವು ನೋಡಿದ್ರೆ ಜಡ್ಜಮ್ಮ ಜಡ್ಜಮ್ಮ ಅಂತ ಆಡ್ಕೋತಿದ್ವಿ."

ಗಂಡ ಅವಳ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವನ ದೊಡ್ಡ ಗುಣ. ದಿನವಿಡೀ ಕನ್ನಡಕದ ಕಾರ್ಖಾನೆಯಲ್ಲಿ ಕೂತು, ಸಂಜೆ ಮನೆಗೆ ಹೋಗಿ ಆ ಕಿರಿದಾದ ಕಣ್ಣುಗಳ ಎದುರು ಕೂತು, ಇವಳು ನನ್ನನ್ನು ತೂಗುತ್ತಿದ್ದಾಳೆ ಎಂದುಕೊಂಡಿದ್ದಳು. ಗೋಡೆಗೆ ತಾಕಿಸಿದ ಕೈ. ದಿಂಬಿನೊಳಗಿನ ಹಳೆಯ ಕನ್ನಡಕ. ಅದನ್ನು ಹುಡುಗಿ ಹಾಕಿಕೊಂಡು ನೋಡಿರಬೇಕು, ಯಾರೂ ಇಲ್ಲದಾಗ, ಏನಾದರೂ ಕಾಣುತ್ತದೋ ಎಂದು. ಅವಳು ಹೋಗಿ ಬೆಂಚಿನ ಈಚೆ ತುದಿಯಲ್ಲಿ ಕೂತಳು, ಕರೆಯದೆ ಬಂದವರು ಕೂರುವ ಹಾಗೆ.

ಹುಡುಗಿ ಅವಳ ಕಡೆ ತಿರುಗಿದಳು. ಕಣ್ಣು ಕಿರಿದಾಗಲಿಲ್ಲ. ಗಾಜಿನ ಹಿಂದೆ ಅವು ಪೂರ್ತಿಯಾಗಿ, ಶಾಂತವಾಗಿ ತೆರೆದಿದ್ದವು.

"ನಿಮ್ಮ ಮುಖ ಬೇರೆ ಥರ ಇದೆ," ಎಂದಳು.

"ಹೇಗಿತ್ತು ಮುಂಚೆ?"

"ಗೊತ್ತಿಲ್ಲ. ಇರ್ಲಿಲ್ಲ." ಆಮೇಲೆ, ಬಸ್ಸಿನ ಹೊತ್ತು ಕೇಳುವ ಹಾಗೆ, "ವಾಪಸ್ ಬಿಡೋದು ಯಾವತ್ತು?"

"ಬಿಡಲ್ಲ. ನಾವು ವಾಪಸ್ ಬಿಡೋ ಹಾಗಿಲ್ಲ ಈ ಸಲ."

ಹುಡುಗಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಹೊರಗೆ ಬಸ್ಸಿನವನು ಒಂದು ಸಲ ಹಾರನ್ ಮಾಡಿದ.

"ನಂಗೆ ಒಗ್ಗದೇ ಇದ್ರೆ?"

ಆ ಪದ ಅಂದು ಇದೇ ಕೋಣೆಯಲ್ಲಿ ಅವಳ ಬಾಯಿಂದ ಹೊರಟು, ಇಷ್ಟು ತಿಂಗಳು ಎಲ್ಲೋ ತಿರುಗಿ, ಒಂದು ಅಂಚೂ ಸವೆಯದೆ ವಾಪಸು ಬಂದಿತ್ತು. ಅವಳು ಅದನ್ನು ತೆಗೆದುಕೊಂಡಳು.

"ನಿಂಗೆ ಒಗ್ಗದೇ ಇದ್ರೆ ನೀನು ಹೇಳಬಹುದು. ನಾವು ಹೇಳೋ ಹಾಗಿಲ್ಲ. ನೀನು ಹೇಳಬಹುದು."

ಹುಡುಗಿ ಗಂಡನನ್ನು ನೋಡಿದಳು, ಗ್ರೀಸಿನ ಮೊಣಕೈಯಿಂದ ಹಿಡಿದು ಕೂದಲಿನ ತನಕ. ಅವನು ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ನಿಂತ. ಆಮೇಲೆ ಅವಳನ್ನು ನೋಡಿದಳು. ಹಣೆ, ಕೆನ್ನೆಯ ಕಪ್ಪು ಮಚ್ಚೆ, ಕತ್ತಿನ ಹತ್ತಿರ ನೆರೆತ ಕೂದಲು, ಕೈಯ ಮೇಲೆ ಪೆನ್ಸಿಲಿನ ಮಸಿ. ಎಲ್ಲಿಯೂ ಅವಸರ ಮಾಡಲಿಲ್ಲ. ಹಾರನ್ ಇನ್ನೊಂದು ಸಲ ಆಯಿತು, ಮೇಲ್ವಿಚಾರಕಿ ಕಿಟಕಿಯಿಂದ ಕೈ ಹೊರಗೆ ಹಾಕಿ ತಡಿ ಎಂದು ಸನ್ನೆ ಮಾಡಿದಳು. ಅವಳು ಮುಖ ತಿರುಗಿಸದೆ, ಇದ್ದ ಹಾಗೆ, ಕೂತೇ ಇದ್ದಳು.

"ನೋಡ್ತೀನಿ," ಎಂದಳು ಹುಡುಗಿ.